ಹಿಮದ ಚಿತ್ರಕ್ಕೆ ಬಿದ್ದ ಕೆಂಪು

ಜಪಾನಿನ ತೂಗುಚಿತ್ರಗಳನ್ನು ಸರಿಮಾಡುವ ಕೆಲಸ ಎಂದರೇನು ಎಂದು ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಗೋಧಿಯ ಅಂಟು ಕುದಿಸುವುದು ಎಂದು. ಅಲ್ಲಿಗೇ ಅವರ ಮುಖ ಸಪ್ಪಗಾಗುತ್ತದೆ. ಚಿನ್ನದ ರೇಕು, ರೇಷ್ಮೆ, ಕೂದಲೆಳೆಯಂಥ ಕುಂಚ, ಹೀಗೇನಾದರೂ ಹೇಳುತ್ತಾಳೆಂದು ಕಾದಿರುತ್ತಾರೆ. ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಗೋದಾಮುಗಳ ನಡುವಿನ ಒಂದು ಮಹಡಿಯ ಮೇಲೆ ಇಪ್ಪತ್ತಾರು ವರ್ಷ ದುಡಿದೆ. ಅದರಲ್ಲಿ ಅರ್ಧ ಆಯುಷ್ಯ ಅಂಟು ಕುದಿಸಿ, ಜರಡಿಯಲ್ಲಿ ತಿಕ್ಕಿ, ಬ್ರಷ್ ತೊಳೆದು, ಒದ್ದೆ ಕಾಗದ ಒಣಗುವುದನ್ನು ಕಾಯುವುದರಲ್ಲೇ ಹೋಯಿತು. ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ.

ಬರೆಯಲು ಕೂತದ್ದಕ್ಕೆ ಕಾರಣ ಇಲ್ಫರ್ಡಿನ ಒಬ್ಬ ಹುಡುಗಿ. ಕುಂದಾಪುರದವರ ಮಗಳು, ಹಳೆಯ ಕಾಗದಗಳನ್ನು ಕಾಪಾಡುವ ವಿದ್ಯೆಯನ್ನೇ ಓದಿಕೊಂಡು ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಫೋನ್ ಮಾಡಿ, ಆಂಟೀ, ಪುಸ್ತಕದಲ್ಲಿ ಇಲ್ಲದ್ದು ಏನಾದರೂ ಇದ್ದರೆ ಹೇಳಿ ಎಂದಳು. ಇದೆಯಮ್ಮಾ, ಬಹಳ ಇದೆ, ಆದರೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ ಎಂದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಅವಳ ಅಮ್ಮ ಓದಿ ಹೇಳುತ್ತಾರಂತೆ. ಸರಿ, ಇಬ್ಬರೂ ಕೇಳಲಿ.

ನಾನು ಧಾರವಾಡದವಳು, ಹೆಸರು ಸುಮಂಗಲಾ. ಮದುವೆಯಾಗಿ ಕೆಂಟನ್ನಿಗೆ ಬಂದು, ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಕೆಲಸ ಹುಡುಕಿಕೊಂಡೆ. ಸ್ಟುಡಿಯೋ ಒಂದರಲ್ಲಿ ಸ್ವಚ್ಛ ಮಾಡುವುದಕ್ಕೆ, ಸಣ್ಣಪುಟ್ಟ ನೆರವಿಗೆ ಜನ ಬೇಕು ಎಂದು ಲೈಬ್ರರಿಯ ಬೋರ್ಡಿನಲ್ಲಿ ಚೀಟಿ ಇತ್ತು. ಸ್ಟುಡಿಯೋ ಎಂದರೆ ಫೋಟೋ ತೆಗೆಯುವ ಜಾಗ ಎಂದುಕೊಂಡೇ ಹೋದೆ, ಅಷ್ಟು ಜಾಣೆ ನಾನು. ಒಳಗೆ ನೋಡಿದರೆ ಮಂಚದಷ್ಟು ಅಗಲದ ಕೆಂಪು ಮೆರುಗಿನ ಮೇಜುಗಳು, ಗೋಡೆಯ ತುಂಬ ಬ್ರಷ್‌ಗಳು, ನಡುವೆ ಏಪ್ರನ್ ಕಟ್ಟಿಕೊಂಡು ನೆಲದ ಮೇಲೆ ಮಂಡಿಯೂರಿ ಕೂತ ಒಬ್ಬ ಇಂಗ್ಲಿಷ್ ಹೆಂಗಸು. ಅವರೇ ಡೊರೊತಿ. ಹರೆಯದಲ್ಲಿ ಜಪಾನಿಗೆ ಹೋಗಿ, ಗಂಡಸರೇ ತುಂಬಿದ್ದ ಕಾರ್ಖಾನೆಯಲ್ಲಿ ಎಂಟು ವರ್ಷ ಈ ಕೆಲಸ ಕಲಿತು ಬಂದವರು. ಇಲ್ಲಿ ಎಲ್ಲರೂ ಯಜಮಾನರನ್ನು ಹೆಸರು ಹಿಡಿದು ಕರೆಯುತ್ತಾರೆ. ನನಗೆ ನಾಲಿಗೆ ಹೊರಳಲಿಲ್ಲ, ಮೇಡಂ ಎನ್ನುತ್ತಿದ್ದೆ. ಅವರು ನನ್ನನ್ನು ಸುಮಾ ಎಂದು ಮೊಟಕು ಮಾಡಿದರು.

ಎರಡನೆಯ ವಾರವೇ ಒಂದು ಅನಾಹುತ ಮಾಡಿದೆ. ಹಿಂದಿನ ಕೋಣೆಯ ಕಪಾಟಿನ ಕೆಳಗೆ ಒಂದು ಮಣ್ಣಿನ ಜಾಡಿ ಇತ್ತು. ಮುಚ್ಚಳ ತೆಗೆದರೆ ಗಪ್ಪೆಂದು ವಾಸನೆ, ಮೇಲೆ ಬೆರಳುದ್ದ ಹಸಿರು ಬೂಷ್ಟು. ಅಯ್ಯೋ, ಯಾರೋ ಮರೆತು ಬಿಟ್ಟಿದ್ದಾರೆ, ಸ್ವಚ್ಛ ಮಾಡುವವಳು ನಾನಲ್ಲದೆ ಇನ್ನಾರು ಎಂದುಕೊಂಡು ಎಲ್ಲವನ್ನೂ ಸಿಂಕಿಗೆ ಸುರಿದು, ಬಿಸಿನೀರಿನಲ್ಲಿ ತಿಕ್ಕಿ ತೊಳೆದು ಬೋರಲು ಹಾಕಿದೆ. ಹೆಮ್ಮೆಯಿಂದ ತೋರಿಸಿದೆ ಬೇರೆ. ಡೊರೊತಿ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತುಬಿಟ್ಟರು. ಅದು ಒಂಬತ್ತು ವರ್ಷ ಹಳೆಯ ಅಂಟು ಎಂದು ಆಮೇಲೆ ತಿಳಿಯಿತು. ಗೋಧಿಯ ಹಾಲನ್ನು ಕಡು ಚಳಿಯ ದಿನ ಕುದಿಸಿ, ಜಾಡಿಯಲ್ಲಿ ತುಂಬಿ, ತಂಪಿನಲ್ಲಿ ಹತ್ತು ವರ್ಷ ಕೊಳೆಯಲು ಬಿಡುತ್ತಾರೆ. ವರ್ಷಕ್ಕೊಮ್ಮೆ ಬೂಷ್ಟು ತೆಗೆದು ಮೇಲಿನ ನೀರು ಬದಲಿಸುವುದು. ಹಾಗೆ ಕೊಳೆತ ಅಂಟಿಗೆ ಕಸುವು ಕಡಿಮೆ, ಅದಕ್ಕೇ ಅದನ್ನು ಹಚ್ಚಿದ ಕಾಗದ ಮೆತ್ತಗಿದ್ದು ಸುರುಳಿ ಸುತ್ತಿದರೂ ಮುರಿಯುವುದಿಲ್ಲ. ನಾನು ಏನು ಚೆಲ್ಲಿದೆ ಎಂದು ತಿಳಿದಾಗ ಕೋಟು ಹಾಕಿಕೊಂಡು ಹೊರಡಲು ನಿಂತೆ. ಆಗ ಡೊರೊತಿ, ಈ ಚಳಿಗಾಲ ಹೊಸದನ್ನು ನೀನೇ ಕುದಿಸಬೇಕು, ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕು, ಆದ್ದರಿಂದ ಈಗ ಹೋಗುವ ಹಾಗಿಲ್ಲ ಎಂದರು. ಕೆಲಸ ಖಾಯಂ ಆದದ್ದು ಹೀಗೆ.

ಇನ್ನೊಮ್ಮೆ ಎದೆ ಬಾಯಿಗೆ ಬಂದದ್ದು ಅವರು ಚಿತ್ರವನ್ನು ಹೊಡೆಯುವುದನ್ನು ಕಂಡಾಗ. ಬಹಳ ಹಳೆಯ ಚಿತ್ರವನ್ನು ಬೋರಲು ಮಲಗಿಸಿ, ಒಂದು ಕಿಲೋ ತೂಗುವ ದಪ್ಪ ಬ್ರಷ್ ಎತ್ತಿ ಅದರ ಬೆನ್ನಿಗೆ ದಬದಬ ಬಡಿಯುತ್ತಿದ್ದರು. ಈ ಹೆಂಗಸಿಗೆ ತಲೆ ಕೆಟ್ಟಿತು ಎಂದೇ ತಿಳಿದು ಓಡಿ ಹೋಗಿ ಕೈ ಹಿಡಿದೆ. ಅಂಟಿಗೆ ಕಸುವು ಕಡಿಮೆ, ಬಡಿದರೇನೇ ಕಾಗದದ ಎಳೆಗೆ ಎಳೆ ಕೂಡುವುದು ಎಂದು ವಿವರಿಸಿ, ಬ್ರಷ್ ನನ್ನ ಕೈಗೇ ಕೊಟ್ಟರು. ಮೊದಲ ಏಟು ಹಾಕಲು ನನಗೆ ಒಂದು ಗಳಿಗೆ ಹಿಡಿಯಿತು. ಹೊಸಬರಿಗೆ ಇದನ್ನು ಯಾಕೆ ಹೇಳುತ್ತೇನೆಂದರೆ, ಈ ಕೆಲಸದಲ್ಲಿ ಮೆಲ್ಲಗೆ ಮುಟ್ಟಿದ್ದೆಲ್ಲ ಒಳ್ಳೆಯದಲ್ಲ. ಗ್ಲೌಸ್ ವಿಷಯವೂ ಅಷ್ಟೇ. ಟಿವಿಯಲ್ಲಿ ಬಿಳಿ ಗ್ಲೌಸ್ ಹಾಕಿಕೊಂಡು ಕಾಗದ ಮುಟ್ಟುವವರನ್ನು ಕಂಡರೆ ಡೊರೊತಿ ಉರಿದು ಬೀಳುತ್ತಿದ್ದರು. ತೊಳೆದ ಬರಿಗೈಯೇ ಬೇಕು, ಬೆರಳಿಗೆ ಕಾಗದದ ಮಾತು ಕೇಳಿಸಬೇಕು ಎನ್ನುವುದು ಅವರ ಪಾಠ.

ಬರಿಗೈ ಎಂದ ಮೇಲೆ ಕೈಯ ತಪಾಸಣೆಯೂ ಇತ್ತು. ಒಮ್ಮೆ ಯಾರದೋ ಮನೆಯ ಅರಿಶಿನ ಕುಂಕುಮ ಮುಗಿಸಿ ಹಾಗೇ ಕೆಲಸಕ್ಕೆ ಹೋದಾಗ ನನ್ನ ಹಳದಿ ಉಗುರು ನೋಡಿ ಇದೇನು ಎಂದು ಕೇಳಿದರು. ಹೇಳಿದೆ. ಅಡುಗೆಮನೆಯದು ಏನೂ ಬೆರಳಿನ ಮೇಲೆ ಇರಕೂಡದು, ಅದರಲ್ಲೂ ಇದು ಇರಕೂಡದು ಎಂದು ಗಟ್ಟಿಯಾಗಿ ಹೇಳಿದರು. ಅಂದಿನಿಂದ ಡಬ್ಬಿಗೆ ಮೊಸರನ್ನವೇ. ನಿಂಬೆಹಣ್ಣಿನ ಚಿತ್ರಾನ್ನ, ಹುಳಿಯನ್ನ ಎಲ್ಲ ಭಾನುವಾರಕ್ಕೆ ಮಾತ್ರ. ಆ ನಿಯಮ ನನಗೆ ಗೊತ್ತಿರಲಿಲ್ಲ ಎಂದು ನಾನು ಯಾರ ಮುಂದೆಯೂ ಹೇಳುವ ಹಾಗಿಲ್ಲ.

ಹೀಗೆ ವರ್ಷಗಳು ಹೋದವು. ನಾನು ಕಸಬರಿಗೆ ಬಿಟ್ಟು ಬ್ರಷ್ ಹಿಡಿದೆ. ಚಿತ್ರದ ಹಿಂಬದಿಗೆ ಅಂಟಿಸಿದ ಹಳೆಯ ಬೆನ್ನುಕಾಗದ ಸುಲಿಯುವುದು, ಹೊಸದನ್ನು ಅಂಟಿಸುವುದು, ಹುಳು ತಿಂದ ತೂತಿಗೆ ತೇಪೆ ಹಾಕುವುದು ಎಲ್ಲ ಕೈಗೆ ಹತ್ತಿತು. ಅಷ್ಟರಲ್ಲಿ ಡೊರೊತಿಗೆ ಎಪ್ಪತ್ತು ಹತ್ತಿರವಾಯಿತು. ಚಹಾ ಕುಡಿಯಲು ಕೂತಾಗ ಅವರ ತೊಡೆಯ ಮೇಲಿನ ಬಲಗೈ ತಾನೇ ತಾನಾಗಿ ಅದುರುವುದನ್ನು ಒಂದು ದಿನ ಕಂಡೆ. ನಾನು ಕಂಡದ್ದನ್ನು ಅವರು ಕಂಡರು. ಆ ಕೈಯ ಮೇಲೆ ಎಡಗೈ ಇಟ್ಟು ಮುಚ್ಚಿ, ಅವರು ಅಂದ ಮಾತನ್ನು ನಾನು ಕನ್ನಡದಲ್ಲಿ ಬರೆಯುತ್ತೇನೆ:

"ನನ್ನ ಕೈ ಒಂದು ಚಿತ್ರ ಕೆಡಿಸಿದ ದಿನ ನಾನು ಬ್ರಷ್ ಕೆಳಗಿಡುತ್ತೇನೆ, ಸುಮಾ. ಆ ದಿನ ಬಂದಿದೆಯೋ ಇಲ್ಲವೋ ನೀನು ಹೇಳಬೇಕು. ಬೇರೆಯವರೆಲ್ಲ ನನ್ನ ಮೇಲಿನ ಕರುಣೆಗೆ ಸುಳ್ಳು ಹೇಳುತ್ತಾರೆ."

ಆಗಲಿ ಮೇಡಂ ಎಂದೆ. ಎಷ್ಟು ಸಲೀಸಾಗಿ ಅಂದೆ ಎಂದು ಈಗ ನೆನೆದರೆ ಮೈ ಉರಿಯುತ್ತದೆ.

ಆ ವರ್ಷದ ಶರತ್ಕಾಲದಲ್ಲಿ ಆಕ್ಟನ್ನಿನಿಂದ ಒಬ್ಬ ಜಪಾನಿ ಅಜ್ಜಿ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ಒಂದು ತೂಗುಚಿತ್ರ ತಂದರು. ಅದು ಅವರ ತವರಿನದು. ಅವರಲ್ಲಿ ಇಂಥ ಚಿತ್ರವನ್ನು ನಮ್ಮ ಹಾಗೆ ಗೋಡೆಗೆ ಮೊಳೆ ಹೊಡೆದು ವರ್ಷಗಟ್ಟಲೆ ತೂಗುಹಾಕುವುದಿಲ್ಲ. ಆಯಾ ಋತುವಿಗೆ ಒಂದೊಂದು ಚಿತ್ರ, ಋತು ಮುಗಿದರೆ ಸುತ್ತಿ ಪೆಟ್ಟಿಗೆಗೆ. ಇದು ಚಳಿಗಾಲದ್ದು. ಡಿಸೆಂಬರಿನಲ್ಲಿ ತೂಗುಹಾಕಬೇಕು, ಅಷ್ಟರೊಳಗೆ ಆಗುತ್ತದೆಯೇ ಎಂದು ಕೇಳಿದರು. ಡೊರೊತಿ ನನ್ನ ಕಡೆ ತಿರುಗಿ, ಇದನ್ನು ಮೊದಲಿನಿಂದ ಕೊನೆಯವರೆಗೆ ಸುಮಾ ನೋಡಿಕೊಳ್ಳುತ್ತಾಳೆ, ನಾನು ತೊಳೆದು ಕೊಡುತ್ತೇನೆ ಅಷ್ಟೇ ಎಂದುಬಿಟ್ಟರು. ನನಗೆ ಮೊದಲೇ ಒಂದು ಮಾತೂ ಹೇಳಿರಲಿಲ್ಲ. ನಿಂತಲ್ಲೇ ದಂಗಾದೆ.

ಚಿತ್ರ ಬಿಚ್ಚಿ ನೋಡಿದೆವು. ಒಂದು ಸಣ್ಣ ಗಿಡ, ಹಿಮದ ಭಾರಕ್ಕೆ ಬಾಗಿದ ರೆಂಬೆ, ರೆಂಬೆಯ ತುದಿಗೆ ಕೆಂಪು ಹಣ್ಣಿನ ಗೊಂಚಲು. ಅದರ ಮೇಲೆ ಚಳಿಗೆ ಮೈ ಉಬ್ಬಿಸಿಕೊಂಡು ಒಂದಕ್ಕೊಂದು ಒತ್ತಿ ಕೂತ ಎರಡು ಗುಬ್ಬಿಗಳು. ಕೆಳಗೆ ಒಣಗಿದ ಹುಲ್ಲಿನ ನಾಲ್ಕು ಗೆರೆ. ಉಳಿದದ್ದೆಲ್ಲ ಹಿಮ. ಹಿಮಕ್ಕೆ ಯಾವ ಬಿಳಿ ಬಣ್ಣ ಹಚ್ಚಿದ್ದಾರೆಂದು ನೋಡಲು ಭೂತಗನ್ನಡಿ ಹಿಡಿದೆ. ಬಣ್ಣವೇ ಇರಲಿಲ್ಲ. ಸುತ್ತಲೂ ತೆಳ್ಳಗೆ ಮಸಿಯ ನೆರಳು ಕೊಟ್ಟು, ಹಿಮ ಇರಬೇಕಾದಲ್ಲಿ ಬರಿ ಕಾಗದ ಬಿಟ್ಟಿದ್ದರು. ಹತ್ತು ನಿಮಿಷ ನಾನು ಖಾಲಿ ಕಾಗದವನ್ನು ನೋಡಿ ಹಿಮ ಎಂದು ನಂಬಿದ್ದೆ. ಡೊರೊತಿಗೆ ನಗು. ಬಣ್ಣ ಹಚ್ಚಿದ ಕಡೆ ತಪ್ಪಾದರೆ ಹೇಗೋ ಸರಿಮಾಡಬಹುದು, ಈ ಖಾಲಿ ಜಾಗದಲ್ಲಿ ಏನಾದರೂ ಬಿದ್ದರೆ ಮುಗಿಯಿತು ಎಂದು ಎಚ್ಚರಿಸಿದರು.

ಇನ್ನು ನಾನು ಮಾಡಿದ ಘನಕಾರ್ಯ ಕೇಳಿ. ಹಳೆಯ ಬೆನ್ನುಕಾಗದ ಸುಲಿದು ಮುಗಿಸಿದ ದಿನ ಅದು. ಹೊಸ ಬೆನ್ನುಕಾಗದ ಅಳತೆಗೆ ಕತ್ತರಿಸಿ ಮೇಜಿನ ಮೇಲಿಟ್ಟೆ. ತೆಳ್ಳಗೆ, ಬೆಳ್ಳಗೆ, ಮಡಿಕೆ ಬಿಚ್ಚದ ಹೊಸ ಪಂಚೆಯ ಹಾಗಿತ್ತು. ನಮ್ಮ ಮನೆಯಲ್ಲಿ ಹೊಸ ಸೀರೆ ಇರಲಿ, ಮಗುವಿನ ಅಂಗಿ ಇರಲಿ, ಒಂದು ಮೂಲೆಗೆ ಎಳ್ಳಷ್ಟು ಅರಿಶಿನ ತಾಗಿಸದೆ ಮೈಗೆ ಹಾಕುವುದಿಲ್ಲ. ಮದುವೆಯ ಕಾಗದಕ್ಕೂ ಮೂಲೆಗೆ ಅರಿಶಿನ. ನನ್ನ ಜೀವನದಲ್ಲಿ ನನ್ನದೇ ಎಂದು ಕೈಗೆ ಬಂದ ಮೊದಲ ಕೆಲಸ, ಹಾಗೇ ಶುರು ಮಾಡಲು ಮನಸ್ಸು ಬರಲಿಲ್ಲ. ಬ್ಯಾಗಿನಲ್ಲಿ ನವರಾತ್ರಿಗೆ ಯಾರೋ ಕೊಟ್ಟ ಅರಿಶಿನದ ಪೊಟ್ಟಣ ಇತ್ತು. ಆಮೇಲೆ ಕತ್ತರಿಸಿ ಬಿಸಾಡುವ ಅಂಚಿನ ಮೂಲೆಗೆ ಹೆಬ್ಬೆರಳಿನಿಂದ ಒಂದು ಚೂರು ತಾಗಿಸಿದೆ. ಬೆರಳನ್ನು ಏಪ್ರನ್ನಿಗೆ ಒರೆಸಿಕೊಂಡೆ. ತೊಳೆದುಕೊಳ್ಳಬೇಕು ಎನ್ನುವಷ್ಟರಲ್ಲಿ ಡೊರೊತಿ ಕೂಗಿದರು, ಚಿತ್ರವನ್ನು ಮೇಲ್ಮುಖ ಮಾಡೋಣ ಬಾ ಎಂದು. ಆ ಕಡೆ ಅವರು, ಈ ಕಡೆ ನಾನು, ಹಿಡಿದು ತಿರುಗಿಸಿದೆವು. ನನ್ನ ಹೆಬ್ಬೆರಳು ಎಲ್ಲಿ ಊರಿತು ಎಂದು ನಾನು ನೋಡಲೇ ಇಲ್ಲ. ಹಳೆಯ ಕಾಗದ ಮೊದಲೇ ಹಳದಿ ತಿರುಗಿರುತ್ತದೆ, ನೋಡಿದ್ದರೂ ಕಾಣುತ್ತಿರಲಿಲ್ಲ.

ಮರುದಿನ ಶುಕ್ರವಾರ ತೊಳೆಯುವ ಕೆಲಸ. ನೂರಾರು ವರ್ಷದ ಕಾಗದಕ್ಕೆ ಒಳಗೊಳಗೇ ಹುಳಿ ಹಿಡಿದಿರುತ್ತದೆ. ಅದನ್ನು ಇಳಿಸಲು ನೀರಿಗೆ ಒಂದಿಷ್ಟು ಸುಣ್ಣದ ತಿಳಿ ಬೆರೆಸಿ, ಮೆತ್ತನೆಯ ಬ್ರಷ್ಷಿನಿಂದ ಚಿತ್ರವನ್ನು ನೆನೆಸಿ, ಕೆಳಗಿನ ಬ್ಲಾಟಿಂಗ್ ಪೇಪರಿಗೆ ಕೊಳೆ ಇಳಿಯಲು ಬಿಡುತ್ತಾರೆ. ಡೊರೊತಿ ಮೇಲಿನಿಂದ ತೊಡಗಿದರು. ಗುಬ್ಬಿಗಳನ್ನು ದಾಟಿ ಹಣ್ಣಿನ ಗೊಂಚಲಿನ ಬಳಿ ಬಂದರು. ನಾನು ಎದುರು ನಿಂತು ಬ್ಲಾಟಿಂಗ್ ಪೇಪರ್ ಸರಿಪಡಿಸುತ್ತಿದ್ದೆ. ಗೊಂಚಲಿನ ಕೆಳಗೆ ಖಾಲಿ ಹಿಮದಲ್ಲಿ ನೀರು ತಾಗಿದ್ದೇ ತಡ, ಕೆಂಪು ಎದ್ದಿತು. ಮೊದಲು ಸಾಸಿವೆಯಷ್ಟು, ನೋಡನೋಡುತ್ತ ಕಡಲೆಯಷ್ಟು, ಆಮೇಲೆ ಹೆಬ್ಬೆರಳಿನಷ್ಟು. ರಕ್ತದಂಥ ಕೆಂಪು. ಡೊರೊತಿಯ ಬ್ರಷ್ ಗಾಳಿಯಲ್ಲೇ ನಿಂತಿತು.

ನನಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾಗದೆ ಏನು? ಬಾಣಂತಿ ಮನೆಗೆ ಬಂದಾಗ, ಮದುಮಕ್ಕಳು ಹೊಸ್ತಿಲು ದಾಟುವಾಗ, ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ಆರತಿ ನೀರು ಮಾಡಿದವಳು ನಾನು. ಏಳು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ವಾರಕ್ಕೆ ಮೂರು ಬಾರಿ ಈ ಸ್ಟುಡಿಯೋದಲ್ಲಿ ಸುಣ್ಣದ ತಿಳಿ ಬೆರೆಸಿದವಳೂ ನಾನೇ. ಎರಡನ್ನೂ ಒಂದೇ ತಲೆಯೊಳಗೆ ಇಟ್ಟುಕೊಂಡು, ಒಂದು ದಿನವೂ ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಅದು ಮನೆ, ಇದು ಕೆಲಸ ಎಂದು ನಡುವೆ ಗೋಡೆ ಕಟ್ಟಿಕೊಂಡಿದ್ದೆ.

ಡೊರೊತಿ ಬ್ಲಾಟಿಂಗ್ ಪೇಪರಿನಿಂದ ಒತ್ತಿ ನೀರು ತೆಗೆದರು. ಕೆಂಪು ಹೋಗಲಿಲ್ಲ. ಅವರು ಹಣ್ಣಿನ ಗೊಂಚಲನ್ನು ನೋಡಿದರು, ಕಲೆಯನ್ನು ನೋಡಿದರು, ತಮ್ಮ ಬಲಗೈಯನ್ನು ನೋಡಿದರು. ಅವರ ಲೆಕ್ಕ ಏನೆಂದು ನನಗೆ ಮುಖದಲ್ಲೇ ಕಂಡಿತು. ಬ್ರಷ್ ಜಾರಿ ಹಣ್ಣಿನ ಕೆಂಪು ಬಣ್ಣವನ್ನು ಕೆಳಗೆ ಎಳೆದಿದೆ ಎಂದು ಅವರಿಗೆ ಅನ್ನಿಸಿತ್ತು. ಬೇರೆ ಯಾರಿದ್ದರೂ ಹಾಗೆಯೇ ಅನ್ನಿಸುತ್ತಿತ್ತು. ಅವರು ತಲೆ ಎತ್ತಿ ನನ್ನ ಕಣ್ಣಲ್ಲಿ ಕಣ್ಣಿಟ್ಟರು.

"ನನ್ನ ಕೈಯೇ, ಅಲ್ಲವೇ ಸುಮಾ?"

ನಾನು ಮಾತಾಡಲಿಲ್ಲ. ನಾಲಿಗೆ ಒಣಗಿತ್ತು ಎಂದು ಬರೆಯಬಹುದು, ಆದರೆ ಅದು ಸುಳ್ಳು. ನಾಲಿಗೆ ಚೆನ್ನಾಗಿಯೇ ಇತ್ತು. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು ನಾಚಿಕೆ. ಹದಿನೈದು ವರ್ಷ ಕಲಿತ ಮೇಲೂ ಕಾಗದಕ್ಕೆ ಅರಿಶಿನ ತಾಗಿಸಿ ಶುಭ ಬೇಡಿದೆ ಎಂದು ಈ ಹೆಂಗಸಿಗೆ ಯಾವ ಬಾಯಿಂದ ಹೇಳಲಿ? ನಾನು ಬ್ಲಾಟಿಂಗ್ ಪೇಪರ್ ಮಡಿಸುತ್ತ ಕೆಳಗೆ ನೋಡಿದೆ. ಅವರು ಒಂದು ಸಲ ತಲೆಯಾಡಿಸಿ, ಬ್ರಷ್ ತೊಳೆದು, ಗೋಡೆಗೆ ತೂಗುಹಾಕಿ, ಕೋಟು ತೆಗೆದುಕೊಂಡು ಮನೆಗೆ ಹೋದರು. ಮಧ್ಯಾಹ್ನ ಇನ್ನೂ ಎರಡು ಗಂಟೆ. ಅವರು ಅಷ್ಟು ಬೇಗ ಹೋದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಶನಿವಾರ ಬೆಳಿಗ್ಗೆ ಮನೆಯಲ್ಲಿ ಹೇಳಿದೆ. ನಮ್ಮವರು ಪೇಪರ್ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಸುಮ್ನ ಕೂಡು ನೀ" ಎಂದರು. "ಆಕಿಗೆ ವಯಸ್ಸಾಗೇದ, ಕೈ ನಡಗ್ತಾವ ಅಂತ ನೀನ ಹೇಳ್ತಿದ್ದಿ. ಇವತ್ತಲ್ಲ ನಾಳೆ ಬಿಡೂವಾಕಿ. ನಡುವ ಹೋಗಿ ನೀ ಯಾಕ ಕೆಲಸ ಕಳ್ಕೋತಿ?"

"ಆಕಿ ನನ್ನ ಮಾರಿ ನೋಡಿ ಕೇಳಿದ್ಲುರೀ."

"ನೀ ಏನಂದಿ?"

"ಏನೂ ಅನ್ಲಿಲ್ಲ."

ಅವರು ಮತ್ತೆ ಪೇಪರ್ ಎತ್ತಿಕೊಂಡರು. ನನಗೆ ಅವರ ಮೇಲೆ ಕೆಂಡದಂಥ ಕೋಪ ಬಂತು, ಎಂಥ ಮಾತು ಆಡಿದರು ಎಂದು. ಒಗ್ಗರಣೆ ಹಾಕುತ್ತ ನಿಂತಾಗ ತಿಳಿಯಿತು, ಹಿಂದಿನ ದಿನ ಬಸ್ಸಿನಲ್ಲಿ ಬರುವಾಗ ನಾನೂ ಇದೇ ಮಾತನ್ನು ಮನಸ್ಸಿನಲ್ಲಿ ಆಡಿಕೊಂಡಿದ್ದೆ. ಹೇಗೂ ಬಿಡುವವರೇ. ಆ ಕೆಂಪು ಗೊಂಚಲಿನ ಪಕ್ಕದಲ್ಲೇ ಇದೆ, ಉದುರಿದ ಇನ್ನೊಂದು ಹಣ್ಣು ಎಂದುಕೊಂಡರೆ ಮುಗಿಯಿತು. ಇಷ್ಟು ಕೊಳಕು ಯೋಚನೆ ನನ್ನ ತಲೆಯೊಳಗೆ ಇತ್ತು ಎಂದು ಕಂಡಾಗ ನನ್ನನ್ನು ನಾನೇ ಗುರುತಿಸದಂತಾಯಿತು. ಸಾಸಿವೆ ಸೀದು ಹೋಯಿತು. ಕಾಲೇಜಿಗೆ ರಜೆ ಎಂದು ಮನೆಯಲ್ಲಿದ್ದ ಮಗಳು ಬಂದು ಸ್ಟವ್ ಆರಿಸಿದಳು. ಅವಳು ನಾವು ಆಡಿದ್ದನ್ನು ಕೇಳಿಸಿಕೊಂಡಿದ್ದಳು. ಜಸ್ಟ್ ಟೆಲ್ ಹರ್, ಮಮ್ಮಿ, ಎಂದಳು.

ಸೋಮವಾರ ಮೊದಲ ಬಸ್ಸು ಹಿಡಿದು ಹೋದೆ. ಡೊರೊತಿ ನನಗಿಂತ ಮುಂಚೆ ಬಂದಿದ್ದರು. ತಮ್ಮ ಬ್ರಷ್‌ಗಳನ್ನೆಲ್ಲ ಗೋಡೆಯಿಂದ ಇಳಿಸಿ, ಒಂದೊಂದನ್ನೇ ಕಾಗದದಲ್ಲಿ ಸುತ್ತುತ್ತಿದ್ದರು. ಆಕ್ಟನ್ನಿನ ಅಜ್ಜಿಗೆ ಶನಿವಾರವೇ ಫೋನ್ ಮಾಡಿ, ನನ್ನ ಕೈತಪ್ಪಿನಿಂದ ನಿಮ್ಮ ಚಿತ್ರ ಕೆಟ್ಟಿತು ಎಂದು ಹೇಳಿಯೂ ಆಗಿತ್ತಂತೆ. ಕೋಟು ಸಹ ತೆಗೆಯದೆ ನಾನು ಎಲ್ಲವನ್ನೂ ಹೇಳಿದೆ. ಅರಿಶಿನ, ಹೊಸ ಕಾಗದ, ಹೆಬ್ಬೆರಳು, ಸುಣ್ಣ. ಅವರು ಕೇಳಿ ಮುಗಿಸಿ ನನ್ನ ಭುಜ ತಟ್ಟಿದರು. ಇಷ್ಟು ದೊಡ್ಡ ಕಥೆ ಕಟ್ಟುವ ಅಗತ್ಯ ಇರಲಿಲ್ಲ, ನನಗೆ ಬೇಸರವಾಗಬಾರದೆಂದು ತಪ್ಪನ್ನು ನಿನ್ನ ಮೇಲೆ ಹಾಕಿಕೊಳ್ಳುತ್ತಿದ್ದೀಯಲ್ಲ ಎಂದರು. ನಾನು ಬೆಪ್ಪಾದೆ. ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದೆ, ಕೆಲಸ ಹೋಗುವುದಕ್ಕೂ ಸಿದ್ಧವಾಗಿದ್ದೆ. ನಂಬುವುದಿಲ್ಲ ಎನ್ನುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಬ್ಯಾಗಿನಿಂದ ಪೊಟ್ಟಣ ತೆಗೆದೆ. ಬ್ಲಾಟಿಂಗ್ ಪೇಪರಿನ ಮೇಲೆ ಹೆಬ್ಬೆರಳಿನಿಂದ ಅರಿಶಿನ ಒತ್ತಿ, ಒರೆಸಿ, ಅದರ ಮೇಲೆ ಸುಣ್ಣದ ತಿಳಿಯ ಎರಡು ಹನಿ ಬಿಟ್ಟೆ. ಅವರ ಕಣ್ಣ ಮುಂದೆಯೇ ಕೆಂಪು ಎದ್ದಿತು. ಡೊರೊತಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಪೊಟ್ಟಣ ಮೂಸಿದರು. ಈಗ ನಂಬುತ್ತೇನೆ ಎಂದರು. ನನಗೆ ಅಲ್ಲೇ ಅಳು ಬಂತು. ಅವರು ಬೈದರು, ಸರಿಯಾಗಿಯೇ ಬೈದರು. ನಿಯಮ ಇದ್ದದ್ದು ಯಾತಕ್ಕೆ ಎಂದು ಕೇಳಿದರು. ಆಮೇಲೆ, ಇದು ಅರಿಶಿನವೇ ಆದರೆ ತೆಗೆಯುವುದು ನಿನಗೇ ಗೊತ್ತಿರಬೇಕಲ್ಲ ಎಂದರು. ಗೊತ್ತಿತ್ತು. ಬಿಳಿ ಬಟ್ಟೆಗೆ ಅರಿಶಿನ ಬಿದ್ದರೆ ಒಗೆದು ಬಿಸಿಲಿಗೆ ಹಾಕುತ್ತೇವೆ, ಬಿಸಿಲೇ ಅದನ್ನು ತಿನ್ನುತ್ತದೆ. ಅವರು ಹೇಳಿದ ಹಾಗೆ ಮೊದಲು ಹುಳಿಯ ಅಂಶವಿರುವ ನೀರು ಒತ್ತಿ ಕೆಂಪನ್ನು ಮತ್ತೆ ಹಳದಿಗೆ ತಂದೆ, ಸ್ಪಿರಿಟ್ಟಿನಿಂದ ಇಷ್ಟಿಷ್ಟೇ ಎಬ್ಬಿಸಿದೆ, ಉಳಿದ ಛಾಯೆಯನ್ನು ಕಿಟಕಿಯ ಬೆಳಕಿಗೆ ಬಿಟ್ಟೆ. ಬಣ್ಣವಿರುವ ಕಡೆಗೆಲ್ಲ ಕಪ್ಪು ಕಾಗದ ಮುಚ್ಚಿದ್ದೆವು. ಲಂಡನ್ನಿನ ನವೆಂಬರಿನಲ್ಲಿ ಬೆಳಕು ಎಂದರೆ ಎಷ್ಟು? ಹನ್ನೆರಡು ದಿನ ಹಿಡಿಯಿತು. ಹದಿಮೂರನೆಯ ದಿನ ಭೂತಗನ್ನಡಿ ಹಿಡಿದರೂ ಹಿಮದಲ್ಲಿ ಏನೂ ಇರಲಿಲ್ಲ. ಅಜ್ಜಿಗೂ ಫೋನ್ ಮಾಡಿ ನಾನೇ ನಿಜ ಹೇಳಿದೆ.

ಹೊಸಬರೇ, ಇವತ್ತು ನಿಮ್ಮಲ್ಲಿ ಪ್ರತಿ ಹಂತಕ್ಕೂ ಫೋಟೋ ಇದೆ, ಮುಟ್ಟುವ ಮೊದಲು ತುಂಬಬೇಕಾದ ಫಾರಂ ಇದೆ, ಕಲೆಯ ಮೇಲೆ ಬೆಳಕು ಬಿಟ್ಟು ಅದು ಏನೆಂದು ಹೇಳುವ ಯಂತ್ರ ಇದೆ. ಒಳ್ಳೆಯದು. ನನ್ನ ಅರಿಶಿನವನ್ನು ಆ ಯಂತ್ರ ಒಂದೇ ಗಳಿಗೆಯಲ್ಲಿ ಹಿಡಿದುಹಾಕುತ್ತಿತ್ತು. ಕಲೆಯ ಕಥೆ ಅಷ್ಟೇ ಆಗಿದ್ದರೆ ನಾನು ಇದನ್ನು ಬರೆಯಲು ಕೂರುತ್ತಿರಲಿಲ್ಲ.

ಬೆನ್ನುಕಾಗದ ಅಂಟಿಸುವ ದಿನ ಡೊರೊತಿಯ ಬ್ರಷ್ ಬಿಚ್ಚಿ, ನೆನೆಸಿ, ಅವರ ಮುಂದೆ ಇಟ್ಟೆ. ಕೆಲಸ ನನ್ನದೆಂದು ಅವರು ಹೇಳಿದ್ದರೂ, ಅಷ್ಟು ದೊಡ್ಡ ಕಾಗದವನ್ನು ಒಂದೇ ಉಸಿರಿನಲ್ಲಿ ಸುಕ್ಕಿಲ್ಲದೆ ಕೂರಿಸುವುದು ಅವರ ಹಾಗೆ ನನಗೆ ಇನ್ನೂ ಬರುತ್ತಿರಲಿಲ್ಲ. ಅವರು ಬ್ರಷ್ಷನ್ನು ನನ್ನ ಕಡೆಗೆ ತಳ್ಳಿದರು. ಮೇಡಂ, ತಪ್ಪು ನಿಮ್ಮ ಕೈಯದಲ್ಲ, ನೀವೇ ಕಣ್ಣಾರೆ ಕಂಡಿರಲ್ಲ ಎಂದೆ.

"ಕಂಡೆ" ಎಂದರು. "ಆದರೆ ಶುಕ್ರವಾರ ನಾನು ಕೇಳಿದಾಗ ನೀನು ಸುಮ್ಮನಿದ್ದೆ. ನಾನು ನಂಬುತ್ತೇನೆಂದು ನಿನಗೆ ಗೊತ್ತಿತ್ತು. ನನ್ನ ಕೈ ಮೊದಲಿನ ಹಾಗೆ ಇದ್ದಿದ್ದರೆ ನಿನಗೆ ಸುಮ್ಮನಿರಲು ಆಗುತ್ತಲೇ ಇರಲಿಲ್ಲ."

ಕೋಪದಿಂದ ಅನ್ನಲಿಲ್ಲ. ಅಂಟು ಗಟ್ಟಿಯಾಯಿತು ಎಂದು ಹೇಳುವ ಹಾಗೆ ಹೇಳಿದರು. ನನಗೆ ಕೆನ್ನೆಗೆ ಬಾರಿಸಿದಂತಾಯಿತು, ಯಾಕೆಂದರೆ ಅದು ಅಕ್ಷರಶಃ ನಿಜ. ಆ ಶುಕ್ರವಾರ ನಾನು ಅಡಗಿ ಕೂತದ್ದು ಅವರ ನಡುಗುವ ಕೈಯ ಹಿಂದೆಯೇ.

ನಾನು ಬ್ರಷ್ ಹಿಡಿದೆ. ಮೊದಲ ಎಳೆತಕ್ಕೆ ಎಷ್ಟು ಭಾರ ಬಿಡಬೇಕು ಎಂದು ತೋರಿಸಲು ಅವರು ಹಿಂದಿನಿಂದ ಬಂದು ತಮ್ಮ ಬಲಗೈಯನ್ನು ನನ್ನ ಕೈಯ ಮೇಲೆ ಇಟ್ಟರು. ಇಬ್ಬರ ಕೈಯೂ ಸೇರಿ ಕಾಗದದ ಈ ತುದಿಯಿಂದ ಆ ತುದಿಗೆ ಹೋಯಿತು. ಆಗ ನನಗೆ ಆದ ಆಘಾತ ಶುಕ್ರವಾರದ ಕೆಂಪನ್ನೂ ಮೀರಿಸಿತು. ಅವರ ಕೈ ನಡುಗಲಿಲ್ಲ. ಎಳ್ಳಷ್ಟೂ ನಡುಗಲಿಲ್ಲ. ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದಾಗ ಅದುರುವ ಕೈ, ಬ್ರಷ್ಷಿಗೆ ಬಂದೊಡನೆ ಕಲ್ಲಿನಷ್ಟು ಸ್ಥಿರ. ಇಷ್ಟು ದಿನ ಎದುರು ನಿಂತು ಬ್ಲಾಟಿಂಗ್ ಪೇಪರ್ ಸರಿಪಡಿಸುತ್ತಿದ್ದ ನಾನು ಒಂದು ದಿನವಾದರೂ ಕಣ್ಣಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ನೋಡಿ ಹೇಳು ಎಂದು ಅವರು ಕೇಳಿಕೊಂಡದ್ದು ಇದನ್ನೇ.

"ಡೊರೊತಿ, ನಿಮ್ಮ ಕೈ ನಡುಗುತ್ತಿಲ್ಲ" ಎಂದೆ. ಅವರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ನಿಜವಾಗಿ ಹೇಳುತ್ತಿದ್ದೇನೆ. ಕೆಲಸ ಮಾಡುವಾಗ ನಡುಗುವುದೇ ಇಲ್ಲ."

ಅವರು ಕೈ ತೆಗೆದು, ನನ್ನ ಬೆನ್ನು ಸವರಿ, "ನೀನು ಬಹಳ ಒಳ್ಳೆಯವಳು, ಸುಮಾ" ಎಂದರು.

ಮತ್ತೆ ಅವರು ಬ್ರಷ್ ಹಿಡಿಯಲಿಲ್ಲ.